ಗಗನದ ಗೊಣಗು

ವಿಮಾನಗಳ ದುರಸ್ತಿಯಲ್ಲಿ ನಿರತನಾಗಿರುವ ಹಳೆಯ ಶಿಷ್ಯನೊಬ್ಬ ಕಳೆದ ತಿಂಗಳು ನನ್ನನ್ನು ಎರಡಾಸನದ ಸೆಸ್ನಾ ೧೫೨ರೊಳಗೆ ಕೂರಿಸಿ ಕಿವಿಗೆ ಹೆಡ್‌ಸೆಟ್ ತೊಡಿಸಿದ. ವಿಮಾನ ನೆಲದ ಮೇಲೆಯೇ ನಿಂತಿತ್ತು. ಎಂಜಿನ್ ಓಡತೊಡಗಿದೊಡನೆ ಸೊಳ್ಳೆಯ ರಾಗದಂಥ ಕೀರಲೊಂದು ಎದ್ದಿತು. ನಿಯಂತ್ರಣ ಗೋಪುರದವರು ನುಡಿದ ಅಂಕಿ ಐದೋ ಒಂಬತ್ತೋ ತಿಳಿಯದಾಯಿತು. ವೈಮಾನಿಕರು ಇವೆರಡನ್ನು 'ಫೈಫ್', 'ನೈನರ್' ಎಂದು ಬೇರ್ಪಡಿಸಿ ಉಚ್ಚರಿಸುವುದು ಇಂಥ ಗೊಂದಲಕ್ಕೆ ಅಂಜಿಯೇ. ಹಾರಬೇಕಾದ ಎತ್ತರ ತಪ್ಪಿ ಕೇಳಿದರೆ ಪ್ರಾಣಕ್ಕೇ ಸಂಚಕಾರ.

"ಮೇಷ್ಟ್ರೇ, ಸದ್ದು ಯಾವುದರೊಡನೆ ಏರಿಳಿಯುತ್ತದೆ, ಅದನ್ನು ಗಮನಿಸಿ" ಎಂದ. ಎಂಜಿನ್ನಿನ ವೇಗದೊಡನೆ ಅದರ ಶ್ರುತಿಯೂ ಏರುತ್ತಿತ್ತು. ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರಿನ ಸ್ವಿಚ್ಚನ್ನು ಕ್ಷಣಕಾಲ ಆರಿಸಿದ, ಕೀರಲು ನಿಂತಿತು. ಟಿಕ್‌ಟಿಕ್ ಎಂದಿದ್ದರೆ ಕಿಡಿ ಹಾರಿಸುವ ಮ್ಯಾಗ್ನೆಟೋವನ್ನು ಶಂಕಿಸಬೇಕಂತೆ. ರೆಕ್ಕೆಯ ದೀಪ ಮಿನುಗಿದಾಗಲೆಲ್ಲ ಬಂದಿದ್ದರೆ ದೀಪವನ್ನು.

ಆದರೂ ಅವನು ಆಲ್ಟರ್ನೇಟರಿಗೆ ಕೈಹಚ್ಚಲಿಲ್ಲ. ಎಂಜಿನ್ ನಿಲ್ಲಿಸಿ, ಹೆಡ್‌ಸೆಟ್ಟಿನ ತಂತಿ ಸಿಕ್ಕಿಸುವ ಜ್ಯಾಕನ್ನು ಬಿಚ್ಚಿದ. ಅದು ವಿಮಾನದ ಲೋಹದ ಒಡಲಿಗೆ ತಗುಲದಂತೆ ತಡೆಯುವ ಪುಟ್ಟ ವಾಷರು ಒಡೆದಿತ್ತು. ನೆಲ ಬಿಟ್ಟು ಹಾರುವ ಯಂತ್ರದಲ್ಲೂ ಆ ಒಡಲಿಗೆ 'ಅರ್ತ್' ಎಂದೇ ಹೆಸರು! ಮಾತನ್ನು ಹೊತ್ತ ವಿದ್ಯುತ್ತು ತನ್ನದೇ ತಂತಿಯಲ್ಲಿ ಹಿಂದಿರುಗಬೇಕು. ಇಲ್ಲಿ ಒಡಲು ಎರಡನೆಯ ದಾರಿಯಾಗಿತ್ತು. ಅದರಲ್ಲಿ ಹರಿಯುತ್ತಿದ್ದ ಆಲ್ಟರ್ನೇಟರಿನ ಕಂಪನ ಮಾತಿನೊಳಗೆ ನುಸುಳಿತ್ತು.

ಹೊಸ ವಾಷರು ಕೂತಿತು. ಎಂಜಿನ್ ಮತ್ತೆ ಗರ್ಜಿಸಿತು. ತನ್ನ ಮಾತು ಎಷ್ಟು ಸ್ಪಷ್ಟವೆಂದು ಅವನು ಗೋಪುರವನ್ನು ಕೇಳಿದ. ಇದಕ್ಕೂ ಐದು ಅಂಕಗಳ ಮಾಪಕವುಂಟು. ಉತ್ತರ ಈ ಬಾರಿ ನನಗೂ ಕೇಳಿಸಿತು: "ಫೈಫ್."