‘ಎಷ್ಟು ಜಿಬಿ ಕಾರ್ಡ್?’ ಎನ್ನುವ ತಪ್ಪು ಪ್ರಶ್ನೆ

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಗೇಮಿಂಗ್ ಪಿಸಿ ಕಟ್ಟಿಸಲು ಬಂದವರು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಮೊದಲು ಕೇಳುವುದು ‘ಎಷ್ಟು ಜಿಬಿ?’ ಎಂದು. ಜಿಬಿ ಹೆಚ್ಚಿದಷ್ಟೂ ಆಟ ಸಲೀಸು ಎಂಬ ನಂಬಿಕೆ. ಕಡಿಮೆ ದುಡ್ಡಿನವರಿಗೆ ಇದರಷ್ಟು ನಷ್ಟ ಮಾಡುವ ನಂಬಿಕೆ ಇನ್ನೊಂದಿಲ್ಲ.

ಜಿಬಿ ಹೇಳುವುದು ಮೆಮೊರಿಯಲ್ಲಿರುವ ಜಾಗವನ್ನಷ್ಟೇ, ಅಲ್ಲಿಂದ ಮಾಹಿತಿ ಹರಿಯುವ ವೇಗವನ್ನಲ್ಲ. ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ನಲ್ಲಿ ಸಣ್ಣದಾದರೆ ಕೊಡ ತುಂಬುವುದು ನಿಧಾನವೇ. ಎನ್ವಿಡಿಯಾದ ಜಿಟಿ 1030 ನೋಡಿ. 2017ರಲ್ಲಿ ಅದು ಬಂದಾಗ 2 ಜಿಬಿ ಜಿಡಿಡಿಆರ್5 ಮೆಮೊರಿ ಇತ್ತು, ವೇಗ ಸೆಕೆಂಡಿಗೆ 48 ಜಿಬಿ. ಮರುವರ್ಷ ಅದೇ ಹೆಸರಿನಲ್ಲಿ, ಅದೇ 2 ಜಿಬಿಯೊಂದಿಗೆ ಡಿಡಿಆರ್4 ಕಾರ್ಡ್ ಬಂತು. ಅದರ ವೇಗ ಬರೀ 16.8. ಹಾಗಾಗಿ ‘4 ಜಿಬಿ’ ಎಂದು ದಪ್ಪಕ್ಷರದಲ್ಲಿ ಬರೆದ ಡಿಡಿಆರ್3ಯ ಜಿಟಿ 730ಯನ್ನು ಯಾರಾದರೂ ಕೈಗಿಟ್ಟರೆ ದಯವಿಟ್ಟು ವಾಪಸ್ ಕೊಡಿ.

ಕಾರ್ಡೇ ಇಲ್ಲದಿದ್ದರೆ ಆಟವೇ ಇಲ್ಲ ಅನ್ನುವುದೂ ಸರಿಯಲ್ಲ. ರೈಜೆನ್ 5 5600ಜಿ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್‌ನಲ್ಲಿ ವ್ಯಾಲರಂಟ್, ಮೈನ್‌ಕ್ರಾಫ್ಟ್ ಚೆನ್ನಾಗಿಯೇ ನಡೆಯುತ್ತವೆ. ಆದರೆ ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಪಿಸಿಯ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ‘ಈಗ 16 ಜಿಬಿಯ ಒಂದು ಸ್ಟಿಕ್ ಹಾಕಿಸೋಣ, ಮುಂದೆ ಇನ್ನೊಂದು’ ಎಂಬ ಲೆಕ್ಕಾಚಾರ ಎಡವುವುದು ಇಲ್ಲೇ. ಡಿಡಿಆರ್4-3200ರ ಒಂದೇ ಸ್ಟಿಕ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಹರಿಯುತ್ತದೆ. 8 ಜಿಬಿಯ ಎರಡು ಹಾಕಿದರೆ 51.2. ಒಟ್ಟು ಜಿಬಿ ಅಷ್ಟೇ, ಆಟದಲ್ಲಿ ಮಾತ್ರ ಎದ್ದು ಕಾಣುವ ವ್ಯತ್ಯಾಸ.

ಪ್ರೊಸೆಸರಿನ ವಿಷಯದಲ್ಲಿ ಹಳೆಯ ಐ7, ಹೊಸ ಐ3ಗಿಂತ ಮೇಲು ಅನ್ನುವವರೂ ಇದ್ದಾರೆ. 2011ರ ಐ7-2600ಕ್ಕೂ 2022ರ ಐ3-12100ಕ್ಕೂ ಇರುವುದು ನಾಲ್ಕೇ ಕೋರ್, ಎಂಟೇ ಥ್ರೆಡ್. ಆದರೆ ಒಂದೊಂದು ಕೋರಿನ ಕಸುವಿನಲ್ಲಿ ಐ3 ಬಹಳ ಮುಂದಿದೆ. ಆ ಐ7ಗೆ ವಿಂಡೋಸ್ 11ರ ಅಧಿಕೃತ ಬೆಂಬಲವೂ ಇಲ್ಲ. ಹೆಸರಿನ ಕೊನೆಗೆ ‘ಎಫ್’ ಇರುವ ಐ3-12100ಎಫ್ ಅಗ್ಗವೆಂದು ತಂದರೆ, ಬೇರೆ ಕಾರ್ಡ್ ಹಾಕುವವರೆಗೆ ಪರದೆಯಲ್ಲಿ ಏನೂ ಮೂಡುವುದಿಲ್ಲ.

ಕ್ಯಾಬಿನೆಟ್ ಜೊತೆ ಬರುವ, ಪಿಸಿಗೆ ಕರೆಂಟ್ ಒದಗಿಸುವ 450 ವ್ಯಾಟ್ ಎಸ್‌ಎಂಪಿಎಸ್ ಸಾಕು ಎಂದು ಒಪ್ಪುವ ಮುನ್ನ ಅದರ ಲೇಬಲ್ ಓದಿ. ಪ್ರೊಸೆಸರ್, ಕಾರ್ಡ್ ಎರಡೂ ಹೆಚ್ಚಾಗಿ ಕರೆಂಟ್ ಎಳೆಯುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿನಲ್ಲಿ ಒಟ್ಟು 18 ಆಂಪಿಯರ್ ಎಂದಿದ್ದರೆ, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಅವೆರಡಕ್ಕೆ ಸಿಗುವುದು 216 ವ್ಯಾಟ್.