ನಗೆಯ ಹಿಂದಣ ಕಾಯಕ

ಲಂಡನ್ ನಗರದ ವಿನೋದ ನಾಟಕಗಳನ್ನು ಆಡಿಸಿದವರ ಚರಿತ್ರೆಯನ್ನು ನಮ್ಮ ವಿದ್ಯಾವಂತರು ಆದರದಿಂದ ಓದುತ್ತಾರೆ. 1895ರಲ್ಲಿ ಆಸ್ಕರ್ ವೈಲ್ಡನ ಪ್ರಖ್ಯಾತ ಪ್ರಹಸನವನ್ನು ಸೇಂಟ್ ಜೇಮ್ಸ್ ನಾಟಕಶಾಲೆಯಲ್ಲಿ ಆಡಿಸಿ, ಅದರ ಮುಖ್ಯ ಪಾತ್ರವನ್ನೂ ತಾನೇ ವಹಿಸಿದ ಜಾರ್ಜ್ ಅಲೆಕ್ಸಾಂಡರನ ಹೆಸರು ಅವರಿಗೆ ಅಪರಿಚಿತವಲ್ಲ. ಓದಬಾರದೆಂದು ನಾವು ಹೇಳುವವರಲ್ಲ. ಆದರೆ ಕಂಪನಿಯ ಒಡೆತನ, ನಾಟಕದ ಹೊಣೆ, ಹಾಸ್ಯಪಾತ್ರ ಈ ಮೂರು ಭಾರಗಳನ್ನೂ ಏಕಕಾಲಕ್ಕೆ ಹೊತ್ತ ಮಹನೀಯರೊಬ್ಬರು ನಮ್ಮ ನಾಡಿನಲ್ಲಿಯೇ ಇದ್ದರೆಂಬುದನ್ನು ಮರೆಯುವುದು ಸ್ವಾಭಿಮಾನಿಗಳಿಗೆ ಒಪ್ಪುವ ಮಾತಲ್ಲ. ಆ ಮಹನೀಯರು ಗುಬ್ಬಿ ವೀರಣ್ಣನವರು.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಅವರು ಬಾಲನಟರಾಗಿ ಸೇರಿ, 1917ರಲ್ಲಿ ಅದರ ಯಜಮಾನರಾದರು. 'ಸದಾರಮೆ'ಯ ಕಳ್ಳನ ಪಾತ್ರ ಅವರಿಗೆ ನಾಡೆಲ್ಲ ಕೀರ್ತಿ ತಂದಿತು. ಕಥಾನಾಯಕನಿಗಿಂತ ಕಳ್ಳನನ್ನು ನೋಡಲು ಜನ ನೆರೆದರೆಂದರೆ, ಹಾಸ್ಯವು ಊಟದ ಎಲೆಯ ಉಪ್ಪಿನಕಾಯಿಯಲ್ಲ, ಅನ್ನವೇ ಆಗಬಲ್ಲುದೆಂದು ತಿಳಿಯಬೇಕು. 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಜನರನ್ನು ಬೆರಗುಗೊಳಿಸಿದವರೂ ಇವರೇ. ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದ ಕಾಲದಲ್ಲಿ ಸ್ತ್ರೀಯರಿಗೆ ರಂಗದ ಮೇಲೆ ಗೌರವದ ಸ್ಥಾನ ಕೊಟ್ಟರು, ಬಿ. ಜಯಮ್ಮನವರ ಕೀರ್ತಿ ಅದಕ್ಕೆ ಸಾಕ್ಷಿ.

ನಗಿಸುವುದು ಸುಲಭವೆಂಬ ಭ್ರಾಂತಿ ನಮ್ಮಲ್ಲಿ ಬಲವಾಗಿದೆ. ಅಳುವ ಸಭೆ ಒಂದು ಕ್ಷಣದ ತಪ್ಪನ್ನು ಕ್ಷಮಿಸೀತು. ನಗಬೇಕಾದ ಸಭೆ ಎಂದಿಗೂ ಕ್ಷಮಿಸದು. ಒಂದು ನಗೆ ಅಡಗುವ ಮುನ್ನ ಮುಂದಿನ ಮಾತನ್ನಾಡಿದರೆ ಆ ಮಾತು ಗದ್ದಲದಲ್ಲಿ ಮುಳುಗುತ್ತದೆ. ತಡವಾದರೆ ಆಟ ತಣ್ಣಗಾಗುತ್ತದೆ. ಈ ಹದವನ್ನು ಪುಸ್ತಕದಿಂದ ಕಲಿಯಲಾಗದು. ಹಿರಿಯ ನಟರ ಬಳಿಯಿದ್ದು, ಇರುಳಿರುಳೂ ಸಭೆಯನ್ನು ಎದುರಿಸಿಯೇ ಕಲಿಯಬೇಕು. ಅಂತಹ ಪಾಠಶಾಲೆಯಾಗಿತ್ತು ಗುಬ್ಬಿ ಕಂಪನಿ. ಬಾಲಕನಾಗಿ ಅಲ್ಲಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಉನ್ನತ ವಿದ್ಯಾಭ್ಯಾಸಕ್ಕಾಗಿ ಕಾಶಿಗೆ ಕಳುಹಿಸಿದರು. 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ನಾಡಿಗೆ ನಾಯಕನಟರಾಗಿ ದೊರೆತ ರಾಜ್‌ಕುಮಾರರೂ ಆ ಕಂಪನಿಯಲ್ಲಿ ಪಳಗಿದವರೇ. ವೀರಣ್ಣನವರು 1972ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಕಾಲವಾದರು. ತಮ್ಮ ಆತ್ಮಕಥೆಗೆ ಅವರಿತ್ತ ಹೆಸರು 'ಕಲೆಯೇ ಕಾಯಕ'. ಆ ಎರಡು ಪದಗಳಲ್ಲಿ ಅವರ ಜೀವಿತವೆಲ್ಲ ಅಡಗಿದೆ.

ಮಾಲೂರು ಸೀಮೆಯ ವಾಚಕರಿಗೆ ಈ ವಿಚಾರ ದೂರದ್ದೆಂದು ತೋರಬಾರದು. ವೀರಣ್ಣನವರು ಜನಿಸಿದ 1891ರಲ್ಲಿಯೇ ಈ ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಜನಿಸಿದರು. ಷೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು 'ದ್ವಾದಶ ರಾತ್ರಿ' ಎಂದು ಕನ್ನಡಿಸಿಕೊಟ್ಟವರು ಅವರು. ಒಬ್ಬರು ಕೃತಿಯನ್ನಿತ್ತರು, ಇನ್ನೊಬ್ಬರು ಆಡಿಸುವ ಮಾರ್ಗವನ್ನು ತೋರಿದರು. ಹೆಂಚಿಗೆ ಹೆಸರಾದ ಮಾಲೂರಿನ ಜನರಿಗೆ ನಾವು ಬೇರೆ ಹೇಳಬೇಕಾದುದಿಲ್ಲ: ಎಷ್ಟೇ ಒಳ್ಳೆಯ ಮಣ್ಣಾದರೂ ಆವಿಗೆಯಲ್ಲಿ ಬೇಯದೆ ಹೆಂಚಾಗದು. ನಾಟಕವೂ ಹಾಗೆಯೇ, ರಂಗದ ಮೇಲೆ ಬೇಯದೆ ಅದು ಬರಿಯ ಹಸಿಮಣ್ಣು.

ಆದುದರಿಂದ ನಮ್ಮ ಬಿನ್ನಹವಿಷ್ಟೇ. ತಾಲ್ಲೂಕು ಊರುಗಳ ಪುರಸಭೆಗಳೂ ಶಾಲೆಗಳೂ ವರ್ಷಕ್ಕೊಂದಾದರೂ ವಿನೋದ ನಾಟಕವನ್ನು ತರುಣರಿಂದ ಆಡಿಸಲಿ. ಕಂಪನಿ ನಾಟಕಗಳಲ್ಲಿ ಪಳಗಿದ ಹಿರಿಯರನ್ನು ಕರೆಸಿ, ಶಾಲು ಹೊದಿಸಿ ಕಳುಹಿಸುವುದಕ್ಕೆ ಬದಲಾಗಿ ಒಂದು ತಿಂಗಳು ಉಳಿಸಿಕೊಂಡು, ಸಂಬಳವಿತ್ತು, ಅವರಿಂದ ಕಲಿಯಲಿ. ಅವರೊಡನೆ ಈ ವಿದ್ಯೆಯೂ ಮಣ್ಣಾದರೆ, ಮುಂದೆ ನಾವು ಎರವಲು ತಂದ ನಗೆಯನ್ನೇ ನಗಬೇಕಾದೀತು. ತನ್ನ ನುಡಿಯಲ್ಲಿ ತಾನು ನಗಲಾರದ ಜನಾಂಗ ಸ್ವತಂತ್ರವೆಂದು ಹೇಳಿಕೊಳ್ಳುವುದೆಂತು?