ಡಾಲ್ಫಿನ್ ರಕ್ತಪರೀಕ್ಷೆಗೆ ಒಪ್ಪುವುದು ಹೇಗೆ? ಕಡಲ ಸಸ್ತನಿಗಳ ತರಬೇತಿ, ಆರೈಕೆಯ ಒಳಹೊರಗು

ಹಸುವಿಗೆ ಮೂಗುದಾರವುಂಟು, ಕುದುರೆಗೆ ಕಡಿವಾಣವುಂಟು, ಆನೆಗೆ ಅಂಕುಶವುಂಟು. ಡಾಲ್ಫಿನ್‌ಗೆ ಇವಾವುವೂ ಇಲ್ಲ. ಎರಡು ಕ್ವಿಂಟಲ್ ತೂಗುವ, ಗಂಟೆಗೆ 30 ಕಿ.ಮೀ. ವೇಗದಲ್ಲಿ ನುಗ್ಗಬಲ್ಲ ಈ ಪ್ರಾಣಿಗೆ ಪಾಠ ಬೇಡವೆನಿಸಿದರೆ ಅದು ಕೊಳದ ಮತ್ತೊಂದು ತುದಿಗೆ ಹೋಗಿ ಮುಳುಗಿಬಿಡುತ್ತದೆ. ದಡದಲ್ಲಿ ನಿಂತ ಮನುಷ್ಯ ಮಾಡಬಹುದಾದದ್ದು ಏನೂ ಉಳಿಯುವುದಿಲ್ಲ.

ಹೀಗಿದ್ದೂ ಸುವ್ಯವಸ್ಥಿತ ಪಾಲನಾ ಕೇಂದ್ರಗಳಲ್ಲಿ ಮೇಲಿಂದ ಮೇಲೆ ಕಾಣುವ ದೃಶ್ಯವೊಂದಿದೆ. ತರಬೇತುದಾರರು ಕೈಸನ್ನೆ ಮಾಡಿದೊಡನೆ ಡಾಲ್ಫಿನ್ ದಡಕ್ಕೆ ಬಂದು, ಅಂಗಾತ ಮಲಗಿ, ತನ್ನ ಬಾಲವನ್ನು ಅವರ ತೊಡೆಯ ಮೇಲಿಡುತ್ತದೆ. ಪಶುವೈದ್ಯರು ಬಾಲದ ಅಗಲವಾದ ಭಾಗದ ರಕ್ತನಾಳಕ್ಕೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಾರೆ. ಉಸಿರಾಡುವ ರಂಧ್ರ ನೆತ್ತಿಯ ಮೇಲಿರುವುದರಿಂದ ಹಾಗೆ ಮಲಗಿದಷ್ಟು ಹೊತ್ತೂ ಡಾಲ್ಫಿನ್ ಉಸಿರು ಬಿಗಿಹಿಡಿದಿರಬೇಕು. ಯಾರೂ ಅದನ್ನು ಹಿಡಿದಿಟ್ಟಿರುವುದಿಲ್ಲ. ಬೇಡವೆನಿಸಿದರೆ ಬಾಲವನ್ನು ಎಳೆದುಕೊಂಡು ಹೋಗಲು ಅದು ಸ್ವತಂತ್ರ.

ಕಡಲ ಸಸ್ತನಿಗಳ ಆರೈಕೆಯಲ್ಲಿ ಏಳು ದಶಕಗಳಿಂದ ಬೆಳೆದುಬಂದ ವಿದ್ಯೆಯ ಸಾರವೆಲ್ಲ ಈ ಒಂದು ದೃಶ್ಯದಲ್ಲಿದೆ. ಈ ವಿದ್ಯೆಯ ಬಗೆಗಿನ ದೊಡ್ಡ ವಿವಾದವೂ ಇಲ್ಲೇ ಇದೆ. ಬಾಲ ನೀಡುವುದೂ ಬಿಡುವುದೂ ಪ್ರಾಣಿಯ ಇಚ್ಛೆ ಎನ್ನುವುದಾದರೆ, ಆ ಕೊಳದಲ್ಲಿರುವುದು ಯಾರ ಇಚ್ಛೆ?

ಸರ್ಕಸ್ಸಿನಿಂದ ಪ್ರಯೋಗಾಲಯಕ್ಕೆ

ಅಮೆರಿಕದ ಫ್ಲಾರಿಡಾದಲ್ಲಿ 1938ರಲ್ಲಿ ಆರಂಭವಾದ ‘ಮರೈನ್ ಸ್ಟುಡಿಯೋಸ್’ ಮೂಲತಃ ನೀರೊಳಗಿನ ಚಲನಚಿತ್ರಗಳ ಚಿತ್ರೀಕರಣಕ್ಕಾಗಿ ರೂಪುಗೊಂಡ ತಾಣ. ಅಲ್ಲಿನ ಡಾಲ್ಫಿನ್‌ಗಳಿಗೆ ಪಾಠ ಹೇಳಲು ಬಂದವರು ಅಡಾಲ್ಫ್ ಫ್ರೋನ್. ಸರ್ಕಸ್ಸಿನಲ್ಲಿ ಕಡಲಸಿಂಹಗಳನ್ನು ಪಳಗಿಸಿದ ಅನುಭವವಷ್ಟೇ ಅವರ ಬಂಡವಾಳ. ಗುರುವಿನ ಕೈಚಳಕವೇ ಪಠ್ಯವಾಗಿದ್ದ ಕಾಲವದು.

ಅದಕ್ಕೆ ಶಾಸ್ತ್ರದ ತಳಹದಿ ಒದಗಿಸಿದವರು ಕೆಲ್ಲರ್ ಬ್ರೆಲಂಡ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಇವರು, ಯಾವ ವರ್ತನೆಗೆ ಪ್ರತಿಫಲ ದೊರೆಯುತ್ತದೋ ಆ ವರ್ತನೆ ಮರುಕಳಿಸುತ್ತದೆ ಎಂಬ ತತ್ವವನ್ನು ಡಾಲ್ಫಿನ್‌ಗಳಿಗೆ ಅನ್ವಯಿಸಿ 1955ರಲ್ಲಿ ತರಬೇತಿ ಕೈಪಿಡಿಯೊಂದನ್ನು ಸಿದ್ಧಪಡಿಸಿದರು. ಮುಂದೆ 1960ರ ದಶಕದಲ್ಲಿ ಹವಾಯಿಯ ‘ಸೀ ಲೈಫ್ ಪಾರ್ಕ್’ನಲ್ಲಿ ಕರೆನ್ ಪ್ರಯರ್ ಈ ವಿಧಾನಕ್ಕೆ ಇನ್ನಷ್ಟು ಸೂಕ್ಷ್ಮತೆ ತಂದರು.

ಪ್ರಯರ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಂದಿಗೂ ಉಲ್ಲೇಖಗೊಳ್ಳುತ್ತದೆ. ಅದರಲ್ಲಿದ್ದ ನಿಯಮ ಒಂದೇ: ಹಿಂದೆ ಮಾಡಿರದ ಹೊಸ ವರ್ತನೆಗೆ ಮಾತ್ರ ಮೀನು. ಹಳೆಯದನ್ನೇ ಪುನರಾವರ್ತಿಸಿ ಫಲ ಕಾಣದ ಡಾಲ್ಫಿನ್ ಹಲವು ಪಾಠಗಳ ಬಳಿಕ ನಿಯಮವನ್ನು ಗ್ರಹಿಸಿತು. ಆ ನಂತರ ಯಾರೂ ಕಲಿಸದ ವಿಚಿತ್ರ ಭಂಗಿ, ಜಿಗಿತಗಳನ್ನು ಒಂದರ ಹಿಂದೊಂದರಂತೆ ತಾನೇ ಸೃಷ್ಟಿಸಿ ತೋರಿತು. ಎದುರಿಗಿರುವುದು ಹೇಳಿದ್ದನ್ನಷ್ಟೇ ಮಾಡುವ ಯಂತ್ರವಲ್ಲ ಎಂಬುದು ಇದರಿಂದ ಖಚಿತವಾಯಿತು.

ಸೀಟಿ, ಕೋಲು ಮತ್ತು ಮೀನು

ತರಬೇತಿಯ ಸಲಕರಣೆಗಳು ಸರಳ. ಡಾಲ್ಫಿನ್ ಕೊಳದ ನಡುವೆ ಜಿಗಿದ ಗಳಿಗೆಯಲ್ಲೇ ಅದರ ಬಾಯಿಗೆ ಮೀನು ಹಾಕಲಾಗದು. ಅದು ದಡಕ್ಕೆ ಬರುವ ವೇಳೆಗೆ ಯಾವ ಕೆಲಸಕ್ಕೆ ಬಹುಮಾನ ಸಿಕ್ಕಿತೆಂಬುದೇ ಅಸ್ಪಷ್ಟವಾಗಿರುತ್ತದೆ. ಈ ಅಂತರವನ್ನು ತುಂಬುವುದು ಸೀಟಿ. ಮೊದಲು ಸೀಟಿ ಊದಿ ಮೀನು ಕೊಡುತ್ತಾ ಸೀಟಿಯೆಂದರೆ ಮೀನು ಎಂಬ ನಂಟನ್ನು ಬೆಸೆಯುತ್ತಾರೆ. ಬಳಿಕ ‘ಈಗ ಮಾಡಿದ್ದೇ ಸರಿ’ ಎಂಬ ಸಂದೇಶವನ್ನು ಸೀಟಿಯೊಂದೇ ಕ್ಷಣಾರ್ಧದಲ್ಲಿ ಮುಟ್ಟಿಸುತ್ತದೆ.

ಎರಡನೆಯದು ತುದಿಯಲ್ಲಿ ಚೆಂಡಿರುವ ಉದ್ದನೆಯ ಕೋಲು. ಮೂತಿಯಿಂದ ಆ ಚೆಂಡನ್ನು ಮುಟ್ಟಲು ಕಲಿತ ಪ್ರಾಣಿಯನ್ನು ಬೇಕಾದ ಸ್ಥಳಕ್ಕೆ, ಬೇಕಾದ ಭಂಗಿಗೆ ತರಬಹುದು. ರಕ್ತಪರೀಕ್ಷೆಯಂತಹ ಕೆಲಸವನ್ನು ಹತ್ತಾರು ಪುಟ್ಟ ಹೆಜ್ಜೆಗಳಾಗಿ ಒಡೆಯಲಾಗುತ್ತದೆ. ಮೊದಲು ದಡಕ್ಕೆ ಬರುವುದು, ಅನಂತರ ಅಂಗಾತ ಮಲಗುವುದು, ಬಾಲ ಮುಟ್ಟಿಸಿಕೊಳ್ಳುವುದು, ಬಾಲವನ್ನು ಅಲ್ಲಾಡಿಸದೆ ಇಡುವುದು, ಸ್ಪಿರಿಟ್ ಹಚ್ಚಿದ ತಂಪನ್ನು ಸಹಿಸುವುದು, ಕೊನೆಗೆ ಸೂಜಿ. ಒಂದೊಂದು ಹೆಜ್ಜೆಗೂ ಪ್ರತಿಫಲವಿದೆ. ಇಡೀ ಪಾಠಕ್ಕೆ ವಾರಗಳೇ ಹಿಡಿಯಬಹುದು.

ಪ್ರಾಣಿ ತಪ್ಪಿದರೆ ಶಿಕ್ಷೆಯಿಲ್ಲ. ತರಬೇತುದಾರರು ಎರಡು ಮೂರು ಸೆಕೆಂಡು ಯಾವ ಭಾವವನ್ನೂ ತೋರದೆ ಸುಮ್ಮನಿದ್ದು, ಬಳಿಕ ಅದಕ್ಕೆ ಇನ್ನೊಂದು ಅವಕಾಶ ನೀಡುತ್ತಾರೆ. ಗದರಿಸಿದರೆ ಪ್ರಾಣಿ ದೂರ ಸರಿಯುತ್ತದೆ, ಅತಿಯಾಗಿ ಓಲೈಸಿದರೆ ತಪ್ಪಿಗೇ ಬಹುಮಾನ ಕೊಟ್ಟಂತಾಗುತ್ತದೆ. ಈ ಎರಡೂ ಅತಿರೇಕಗಳಿಗೆ ಎಡೆಗೊಡದ ಸಂಯಮವೇ ಈ ವೃತ್ತಿಯ ಕಠಿಣ ಪಾಠ.

ಅರಿವಳಿಕೆಯ ಅಪಾಯ

ಇಷ್ಟೆಲ್ಲ ತಾಳ್ಮೆಯ ಬದಲು ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸಬಾರದೇಕೆ? ಉತ್ತರ ಡಾಲ್ಫಿನ್‌ನ ಶರೀರದಲ್ಲೇ ಇದೆ. ಮನುಷ್ಯನ ಉಸಿರಾಟ ನಿದ್ದೆಯಲ್ಲೂ ತಾನಾಗಿ ನಡೆಯುತ್ತದೆ. ಡಾಲ್ಫಿನ್ ಹಾಗಲ್ಲ, ಪ್ರತಿ ಉಸಿರನ್ನೂ ಪ್ರಜ್ಞಾಪೂರ್ವಕವಾಗಿಯೇ ಎಳೆದುಕೊಳ್ಳಬೇಕು. ಅದು ಮಿದುಳಿನ ಅರ್ಧಭಾಗವನ್ನು ಎಚ್ಚರವಾಗಿಟ್ಟುಕೊಂಡು ಇನ್ನರ್ಧದಲ್ಲಿ ಮಾತ್ರ ನಿದ್ರಿಸುತ್ತದೆ. 1955ರಲ್ಲಿ ಜಾನ್ ಲಿಲ್ಲಿ ಮತ್ತು ಸಹೋದ್ಯೋಗಿಗಳು ಮಿದುಳಿನ ಅಧ್ಯಯನಕ್ಕೆಂದು ಅರಿವಳಿಕೆ ನೀಡಿದ ಡಾಲ್ಫಿನ್‌ಗಳು ಉಸಿರಾಟ ನಿಂತು ಸತ್ತವು. 1960ರ ದಶಕದಲ್ಲಿ ಅಮೆರಿಕ ನೌಕಾಪಡೆಯ ಪಶುವೈದ್ಯ ಸ್ಯಾಮ್ ರಿಜ್ವೆ ಕೃತಕ ಉಸಿರಾಟದ ಯಂತ್ರ ಬಳಸಿ ಸುರಕ್ಷಿತ ವಿಧಾನವನ್ನು ರೂಪಿಸಿದರು. ಆದರೂ ಅರಿವಳಿಕೆ ಇಂದಿಗೂ ಅನಿವಾರ್ಯ ಸಂದರ್ಭಗಳಿಗಷ್ಟೇ ಮೀಸಲು.

ಬಲೆ ಹಾಕಿ ಹಿಡಿದು ದಡಕ್ಕೆತ್ತುವುದೂ ನಿರಪಾಯವಲ್ಲ. ನೀರಿನ ಆಸರೆ ತಪ್ಪಿದೊಡನೆ ದೇಹದ ಭಾರವೇ ಶ್ವಾಸಕೋಶಗಳನ್ನು ಅದುಮುತ್ತದೆ, ಮೈ ಬಿಸಿಯೇರುತ್ತದೆ. ಹಿಡಿಯುವ ಗದ್ದಲದ ಭೀತಿಯೇ ರಕ್ತಪರೀಕ್ಷೆಯ ಫಲಿತಾಂಶವನ್ನು ಏರುಪೇರು ಮಾಡಬಲ್ಲದು. ಆದ್ದರಿಂದಲೇ ಮೂತ್ರದ ಮಾದರಿ, ಉಸಿರಿನ ಮಾದರಿ, ಅಲ್ಟ್ರಾಸೌಂಡ್, ಹಲ್ಲಿನ ತಪಾಸಣೆ, ತೂಕ ಎಲ್ಲವನ್ನೂ ತರಬೇತಿಯ ಮೂಲಕವೇ ಸಾಧಿಸಲಾಗುತ್ತದೆ. ಕಡಲಸಿಂಹಗಳು ಬಾಯಿ ತೆರೆದು ನಿಲ್ಲುವುದನ್ನೂ, ಕಣ್ಣಿಗೆ ಔಷಧದ ಹನಿ ಹಾಕಿಸಿಕೊಳ್ಳುವುದನ್ನೂ ಹೀಗೆಯೇ ಕಲಿಯುತ್ತವೆ.

ಕಾಯಿಲೆಯನ್ನು ಬಚ್ಚಿಡುವುದು ಕಾಡಿನ ಪ್ರಾಣಿಗಳಂತೆ ಕಡಲಿನ ಪ್ರಾಣಿಗಳಿಗೂ ಸಹಜ ಗುಣ. ಲಕ್ಷಣಗಳು ಹೊರಗೆ ಕಾಣುವ ವೇಳೆಗೆ ರೋಗ ಬಲಿತಿರುತ್ತದೆ. ನಿನ್ನೆ ಚುರುಕಾಗಿದ್ದದ್ದು ಇಂದು ಒಂದು ಕ್ಷಣ ತಡವರಿಸಿತು, ಎರಡು ಮೀನು ಬಿಟ್ಟಿತು ಎಂಬ ದಿನಚರಿಯ ಟಿಪ್ಪಣಿಯೇ ಎಷ್ಟೋ ಬಾರಿ ವೈದ್ಯರಿಗೆ ದೊರೆಯುವ ಮೊದಲ ಸುಳಿವು.

ಅಡುಗೆಮನೆಯೇ ಔಷಧಾಲಯ

ಪ್ರೇಕ್ಷಕರಿಗೆ ಕಾಣದ ದುಡಿಮೆಯ ಬಹುಪಾಲು ನಡೆಯುವುದು ಮೀನಿನ ಅಡುಗೆಮನೆಯಲ್ಲಿ. ಹೆರಿಂಗ್, ಕ್ಯಾಪೆಲಿನ್, ಬಂಗುಡೆ, ಬೊಂಡಾಸ ಮುಂತಾದವನ್ನು ಮನುಷ್ಯರು ತಿನ್ನುವ ಗುಣಮಟ್ಟದಲ್ಲೇ ಕೊಂಡು, ಶೈತ್ಯಾಗಾರದಲ್ಲಿಟ್ಟು, ಪ್ರತಿ ಪ್ರಾಣಿಗೂ ತೂಗಿ ಹಂಚಬೇಕು. ಹೆಪ್ಪುಗಟ್ಟಿಸಿದ ಮೀನಿನಲ್ಲಿ ಪೋಷಕಾಂಶ ಕುಂದುತ್ತದೆ. ಕೆಲವು ಮೀನುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ನಾಶಪಡಿಸುತ್ತದೆ. ಹೀಗಾಗಿ ಬಿ1 ಮತ್ತು ಇ ಜೀವಸತ್ವದ ಮಾತ್ರೆಗಳನ್ನು ಮೀನಿನ ಕಿವಿರಿನೊಳಗೆ ತುರುಕಿ ಕೊಡುವುದು ವಾಡಿಕೆ. ಡಾಲ್ಫಿನ್‌ಗಳು ದೇಹಕ್ಕೆ ಬೇಕಾದ ನೀರನ್ನು ಬಹುಮಟ್ಟಿಗೆ ಆಹಾರದಿಂದಲೇ ಪಡೆಯುತ್ತವೆ. ಮೀನು ತಿನ್ನದಿದ್ದರೆ ಹಸಿವಿನ ಜತೆಗೆ ಬಾಯಾರಿಕೆಯೂ ಕಾಡುತ್ತದೆ. ಉಪವಾಸ ಕೆಡವಿ ಕಲಿಸುವುದು ಅನೈತಿಕವಷ್ಟೇ ಅಲ್ಲ, ಅಪಾಯಕಾರಿಯೂ ಹೌದು. ನೀರಿನ ಲವಣಾಂಶ, ಉಷ್ಣತೆ, ಕ್ಲೋರಿನ್ ಪ್ರಮಾಣ ತಪ್ಪಿದರೆ ಅದರ ಪರಿಣಾಮ ಮೊದಲು ಕಾಣುವುದು ಕಣ್ಣು, ಚರ್ಮಗಳ ಮೇಲೆ.

ತರಬೇತಿಯ ಮಿತಿ

ಕಲಿತ ಪಾಠ ಹುಟ್ಟುಗುಣವನ್ನು ಅಳಿಸಲಾರದೆಂದು ಮೊದಲು ಎಚ್ಚರಿಸಿದವರೂ ಬ್ರೆಲಂಡ್ ದಂಪತಿಯೇ. 1961ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು, ಚೆನ್ನಾಗಿ ಕಲಿತ ಪ್ರಾಣಿಗಳೂ ಕ್ರಮೇಣ ಸಹಜ ಪ್ರವೃತ್ತಿಯತ್ತ ಜಾರುವುದನ್ನು ವಿವರಿಸಿದ್ದರು.

ಇದರ ಘೋರ ರೂಪ ಕಂಡದ್ದು ಟಿಲಿಕಮ್ ಎಂಬ ಓರ್ಕಾದಲ್ಲಿ. 1983ರಲ್ಲಿ ಐಸ್‌ಲ್ಯಾಂಡ್ ಬಳಿ ಎಳೆಯ ವಯಸ್ಸಿನಲ್ಲೇ ಸೆರೆಸಿಕ್ಕ ಈ ಗಂಡು, 1991ರಲ್ಲಿ ಕೆನಡಾದಲ್ಲಿ ತರಬೇತುದಾರೆಯೊಬ್ಬರ ಸಾವಿಗೆ ಕಾರಣವಾದ ಮೂರು ಓರ್ಕಾಗಳಲ್ಲಿ ಒಂದು. 2010ರ ಫೆಬ್ರುವರಿ 24ರಂದು ಒರ್ಲ್ಯಾಂಡೊದ ಸೀವರ್ಲ್ಡ್‌ನಲ್ಲಿ ಅದು ಅನುಭವಿ ತರಬೇತುದಾರೆ ಡಾನ್ ಬ್ರಾಂಶೊ ಅವರನ್ನು ನೀರಿಗೆಳೆದು ಕೊಂದಿತು. ಪ್ರದರ್ಶನದ ವೇಳೆ ಓರ್ಕಾಗಳಿಗೂ ಸಿಬ್ಬಂದಿಗೂ ನಡುವೆ ತಡೆ ಅಥವಾ ಅಂತರ ಇರಲೇಬೇಕೆಂದು ಕಾರ್ಮಿಕ ಸುರಕ್ಷತಾ ಇಲಾಖೆ ಪಟ್ಟುಹಿಡಿಯಿತು. ಅದನ್ನು 2014ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. 2013ರ ‘ಬ್ಲಾಕ್‌ಫಿಶ್’ ಸಾಕ್ಷ್ಯಚಿತ್ರ ಜನಾಭಿಪ್ರಾಯವನ್ನು ತಿರುಗಿಸಿತು. 2016ರಲ್ಲಿ ಸೀವರ್ಲ್ಡ್ ಓರ್ಕಾಗಳ ಸಂತಾನೋತ್ಪತ್ತಿ ನಿಲ್ಲಿಸುವುದಾಗಿ ಘೋಷಿಸಿತು. ಟಿಲಿಕಮ್ 2017ರ ಜನವರಿಯಲ್ಲಿ ಅಸುನೀಗಿತು.

ಪ್ರಶ್ನೆ ಮನುಷ್ಯರ ಸುರಕ್ಷತೆಗಷ್ಟೇ ಸೀಮಿತವಲ್ಲ. ಅಮೆರಿಕದ ನಿಯಮಗಳ ಪ್ರಕಾರ ಓರ್ಕಾದ ಕೊಳ ಕನಿಷ್ಠ 48 ಅಡಿ ಅಗಲ, 12 ಅಡಿ ಆಳವಿದ್ದರೆ ಸಾಕು. ಓರ್ಕಾದ ಸರಾಸರಿ ಉದ್ದವೇ 24 ಅಡಿಯೆಂದು ಅದೇ ನಿಯಮಗಳು ಲೆಕ್ಕ ಹಿಡಿಯುತ್ತವೆ. ದಿನವೊಂದಕ್ಕೆ ಹತ್ತಾರು ಮೈಲಿ ಸಂಚರಿಸುವ, ತಾಯಿಯ ಸುತ್ತ ಕುಟುಂಬವಾಗಿ ಬಾಳುವ ಜೀವಿಗೆ ಎಷ್ಟು ನಯವಾದ ತರಬೇತಿಯೂ ಆ ಕೊರತೆಯನ್ನು ತುಂಬಿಕೊಡಲಾರದು. ಡಾಲ್ಫಿನ್, ತಿಮಿಂಗಿಲಗಳನ್ನು ಮನರಂಜನೆಗಾಗಿ ಹೊಸದಾಗಿ ಸೆರೆಯಲ್ಲಿಡುವುದನ್ನು ಕೆನಡಾ 2019ರಲ್ಲಿ ನಿಷೇಧಿಸಿತು. ಫ್ರಾನ್ಸ್ 2021ರಲ್ಲಿ ಅವುಗಳ ಪ್ರದರ್ಶನಗಳಿಗೆ ತೆರೆ ಎಳೆಯುವ ಕಾನೂನು ಮಾಡಿತು.

ಕೊಳದಿಂದ ಕೊಲ್ಲಿಗೆ

ಆದರೆ ಈಗಾಗಲೇ ಸೆರೆಯಲ್ಲಿರುವ ಪ್ರಾಣಿಗಳನ್ನು ಸುಮ್ಮನೆ ಕಡಲಿಗೆ ಬಿಡುವಂತಿಲ್ಲ. ‘ಫ್ರೀ ವಿಲ್ಲಿ’ ಚಿತ್ರದಿಂದ ಖ್ಯಾತವಾದ ಕೀಕೊ ಎಂಬ ಓರ್ಕಾವನ್ನು ಮೆಕ್ಸಿಕೊದಿಂದ ಒರೆಗಾನ್‌ಗೂ, 1998ರಲ್ಲಿ ಐಸ್‌ಲ್ಯಾಂಡಿನ ಕ್ಲೆಟ್ಸ್‌ವಿಕ್ ಕೊಲ್ಲಿಗೂ ಸಾಗಿಸಲಾಯಿತು. 2002ರಲ್ಲಿ ಅದು ಸಮುದ್ರ ದಾಟಿ ನಾರ್ವೆ ತಲುಪಿದರೂ ಕಾಡು ಓರ್ಕಾಗಳ ಗುಂಪು ಸೇರದೆ ಮನುಷ್ಯರ ಸಹವಾಸವನ್ನೇ ಅರಸಿತು. ಮರುವರ್ಷ ಡಿಸೆಂಬರಿನಲ್ಲಿ ಅಲ್ಲಿಯೇ ಸತ್ತಿತು. ಅದೇ ಕ್ಲೆಟ್ಸ್‌ವಿಕ್ ಕೊಲ್ಲಿಯ ಆಶ್ರಯತಾಣಕ್ಕಾಗಿ 2019ರಲ್ಲಿ ಎರಡು ಬೆಲುಗಾ ತಿಮಿಂಗಿಲಗಳನ್ನು ಶಾಂಘೈನಿಂದ ಕರೆತರಲಾಯಿತು. ತೂಗುಜೋಲಿಯಂತಹ ಸ್ಟ್ರೆಚರ್‌ಗೆ ಹೊಂದಿಕೊಳ್ಳಲು ಅವಕ್ಕೆ ಮೊದಲೇ ಕಲಿಸಬೇಕಾಯಿತು. ಪ್ರದರ್ಶನಕ್ಕೆಂದು ಹುಟ್ಟಿದ ವಿದ್ಯೆ ಪ್ರದರ್ಶನದಿಂದ ಪಾರುಮಾಡಲೂ ನೆರವಾದ ಬಗೆಯಿದು.

ಭಾರತದ ನಿಲುವು, ಕರಾವಳಿಯ ಅಗತ್ಯ

ಭಾರತ ಈ ವಿಷಯದಲ್ಲಿ ಮೊದಲೇ ನಿರ್ಧಾರ ತಳೆದಿದೆ. ಡಾಲ್ಫಿನ್‌ಗಳ ಬುದ್ಧಿಮತ್ತೆ, ಸಂವೇದನಾಶೀಲತೆಗಳನ್ನು ಉಲ್ಲೇಖಿಸಿ, ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅವಕಾಶ ನೀಡಬಾರದೆಂದು ಕೇಂದ್ರ ಸರ್ಕಾರ 2013ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಸೂಚಿಸಿತು. ಹಾಗೆಂದು ಆರೈಕೆಯ ಜ್ಞಾನ ಇಲ್ಲಿ ನಿರುಪಯುಕ್ತವೇನಲ್ಲ. 2024ರ ಡಿಸೆಂಬರಿನಲ್ಲಿ ಅಸ್ಸಾಮಿನಲ್ಲಿ ಗಂಗಾ ಡಾಲ್ಫಿನ್ ಒಂದಕ್ಕೆ ಮೊದಲ ಬಾರಿ ಉಪಗ್ರಹ ಟ್ಯಾಗ್ ಅಳವಡಿಸಿ ಬಿಡಲಾಯಿತು. ಪ್ರಾಣಿಗೆ ಘಾಸಿಯಾಗದಂತೆ ಹಿಡಿದು ಬಿಡುವ ಈ ಕೌಶಲವೂ ಅದೇ ಜ್ಞಾನದ ಕವಲು.

ಕಾರವಾರದಿಂದ ಮಂಗಳೂರಿನವರೆಗಿನ ಕಡಲಲ್ಲೂ ಡಾಲ್ಫಿನ್‌ಗಳಿವೆ. ಕೆಲವೊಮ್ಮೆ ಅವು ದಡಕ್ಕೆ ಬಂದು ಬೀಳುವುದುಂಟು. ಜೀವಂತ ಡಾಲ್ಫಿನ್ ಕಂಡರೆ ಬಾಲ ಹಿಡಿದು ಎಳೆಯಬಾರದು. ಹೊಟ್ಟೆ ಕೆಳಗಾಗಿ ನೇರವಾಗಿರಿಸಿ, ನೆರಳು ಮಾಡಿ, ಮೈಮೇಲೆ ಒದ್ದೆ ಬಟ್ಟೆ ಹೊದೆಸಿ ನೀರು ಚಿಮುಕಿಸುತ್ತಿರಬೇಕು. ನೆತ್ತಿಯ ಉಸಿರು ರಂಧ್ರದ ಮೇಲೆ ಬಟ್ಟೆಯಾಗಲೀ ನೀರಾಗಲೀ ಬೀಳಬಾರದು. ಜನರ ಗುಂಪು, ಗದ್ದಲ, ಸೆಲ್ಫಿಗಳನ್ನು ದೂರವಿಟ್ಟು ಕೂಡಲೇ ಅರಣ್ಯ ಇಲಾಖೆಗೆ ತಿಳಿಸಬೇಕು. ಕೊಳಗಳಲ್ಲಿ ದಶಕಗಳ ಕಾಲ ಸೆರೆಯಿದ್ದ ಡಾಲ್ಫಿನ್‌ಗಳಿಂದ ಮನುಷ್ಯ ಕಲಿತ ಪಾಠಗಳಲ್ಲಿ, ಕನ್ನಡನಾಡಿನ ಕಡಲತೀರಕ್ಕೆ ಮೊದಲು ಬೇಕಾದವು ಇವೇ.